ಕಡಿದಾದ ಕಡಲೂರಿನಲ್ಲಿ ಮೂರು ದಿನ

ಭೂಪಟವನ್ನು ಮುಂದಿಟ್ಟುಕೊಂಡು ಗೇಣು ಹಾಕಿ ದೂರವನ್ನು ಅಳೆಯುವ ಅಭ್ಯಾಸವುಳ್ಳ ಬಯಲುಸೀಮೆಯ ಜನರಿಗೆ, ಕಡಿದಾದ ಕಡಲತೀರದ ಊರುಗಳು ಹೊಸದೊಂದು ಗಣಿತವನ್ನೇ ಕಲಿಸುತ್ತವೆ. ಪಟದಲ್ಲಿ ಅರ್ಧ ಅಂಗುಲವೂ ಇಲ್ಲದ ಹಾದಿಯನ್ನು ಸವೆಸುವುದರೊಳಗೆ ಹೊತ್ತು ಮೀರಿಹೋಗುವುದುಂಟು. ಅಂತಹ ಊರಿನಲ್ಲಿ ಕೇಳಬೇಕಾದುದು ಎಷ್ಟು ದೂರವೆಂದಲ್ಲ, ಎಷ್ಟು ಎತ್ತರವೆಂದು.

ಇಂಗ್ಲೆಂಡಿನ ಡೆವನ್ ಸೀಮೆಯ ಉತ್ತರ ತೀರದಲ್ಲಿ ಲಿಂಟನ್, ಲಿನ್‌ಮತ್ ಎಂಬ ಅವಳಿ ಊರುಗಳಿವೆ. ಲಿನ್‌ಮತ್ ಕೆಳಗೆ, ಎರಡು ಹೊಳೆಗಳು ಕೂಡಿ ಕಡಲನ್ನು ಸೇರುವೆಡೆಯಲ್ಲಿದೆ. ಲಿಂಟನ್ ಅದರ ನೆತ್ತಿಯ ಮೇಲೆಂಬಂತೆ ಬೆಟ್ಟದ ಅಂಚಿನಲ್ಲಿ ಕುಳಿತಿದೆ. ಮಗನು ಬ್ರಿಸ್ಟಲ್ ನಗರದಲ್ಲಿ ಉದ್ಯೋಗದಲ್ಲಿರುವುದರಿಂದ ಅವನಲ್ಲಿಗೆ ಹೋಗಿದ್ದ ನಾವು ದಂಪತಿಗಳು, 76 ವರ್ಷದ ನಮ್ಮ ತಾಯಿಯವರನ್ನೂ ಕರೆದುಕೊಂಡು ಕಳೆದ ಸೆಪ್ಟೆಂಬರಿನಲ್ಲಿ ಮೂರು ದಿನ ಅಲ್ಲಿ ತಂಗಿದ್ದೆವು. ಬಾರ್ನ್‌ಸ್ಟೇಪಲ್‌ವರೆಗೆ ರೈಲು, ಅಲ್ಲಿಂದ ಮುಂದೆ ಬಸ್ಸು. 1898ರಿಂದ ಲಿಂಟನ್ನಿನವರೆಗೂ ಓಡುತ್ತಿದ್ದ ಪುಟ್ಟ ರೈಲು 1935ರಲ್ಲಿ ನಿಂತುಹೋಯಿತು.

ನಮ್ಮ ತಾಯಿಯವರಿಗೆ ಎರಡೂ ಮಂಡಿಗಳಲ್ಲಿ ನೋವು. ಒಂದು ಕಾಲದಲ್ಲಿ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತಿದವರೇ. ಈಗ ಮನೆಯ ಮಹಡಿಗೆ ಹೋಗುವುದೂ ಕಷ್ಟ. ಮೇಲಿನ ಊರಿನಲ್ಲಿ ನಾವು ಇಳಿದುಕೊಂಡಿದ್ದ ಮನೆಯ ಒಡತಿಯು ಅವರನ್ನು ಕನಿಕರದಿಂದ ನೋಡಿ, “ಅಜ್ಜಿಯವರು ಕಿಟಕಿಯಿಂದಲೇ ಸಮುದ್ರವನ್ನು ನೋಡಬಹುದು, ನೀವು ಹೋಗಿಬನ್ನಿ” ಎಂದಳು. ಮಾತು ಒಳ್ಳೆಯ ಮನಸ್ಸಿನಿಂದಲೇ ಬಂದುದು. ಆದರೆ ವೃದ್ಧರನ್ನು ಇಷ್ಟು ದೂರ ಕರೆತಂದು ಕಿಟಕಿಯ ಬಳಿ ಕೂರಿಸಿ ಹೋಗುವುದು ನಮಗೆ ಒಪ್ಪಿಗೆಯಾಗಲಿಲ್ಲ. ತಾಯಿಯವರೋ, “ಸಮುದ್ರದ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳದೆ ಹಿಂದಕ್ಕೆ ಬರುವುದಿಲ್ಲಪ್ಪ” ಎಂದುಬಿಟ್ಟರು.

ಹತ್ತುವಾಗ ಬಂಡಿ, ಇಳಿಯುವಾಗ ಕಾಲ್ನಡಿಗೆ ಎಂದು ಪ್ರವಾಸಿಗಳು ಸಾಮಾನ್ಯವಾಗಿ ಯೋಚಿಸುವರು. ಗಟ್ಟಿ ಕಾಲಿನವರಿಗೆ ಅದು ಸರಿಯೇ. ನಾವೂ ಮೊದಲ ದಿನ ಬೆಟ್ಟದ ಮೈಯಲ್ಲಿ ಹಾವಿನಂತೆ ಹರಿಯುವ ಕಾಲುಹಾದಿಯಲ್ಲಿ ಇಳಿದು ನೋಡಿ ಬಂದೆವು. ತಾಯಿಯವರ ಲೆಕ್ಕ ಬೇರೆ. “ಹತ್ತುವಾಗ ಉಸಿರು ಅಡ್ಡ ಬರುತ್ತದೆ, ನಿಂತರೆ ಸರಿಹೋಗುತ್ತದೆ. ಇಳಿಯುವಾಗ ಮಂಡಿ ಅಡ್ಡ ಬರುತ್ತದೆ, ನಿಂತರೂ ಬಿಡುವುದಿಲ್ಲ” ಎಂದರು. ಇದನ್ನು ಕೇಳಿದ ಮೇಲೆ ಎರಡು ಕಡೆಗೂ ಬಂಡಿಯೇ ಎಂದು ನಿಶ್ಚಯವಾಯಿತು.

ಆ ಬಂಡಿಯ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. 862 ಅಡಿ ಉದ್ದದ ಹಳಿಯ ಮೇಲೆ 500 ಅಡಿ ಎತ್ತರವನ್ನು ಏರುವ ಇದಕ್ಕೆ ಕಲ್ಲಿದ್ದಲು, ಎಣ್ಣೆ, ವಿದ್ಯುಚ್ಛಕ್ತಿ ಯಾವುದೂ ಬೇಡ. ಜೋಡಿ ಹಳಿಗಳ ಮೇಲೆ ಎರಡು ಬಂಡಿಗಳು. ಉಕ್ಕಿನ ಹಗ್ಗವು ರಾಟೆಯ ಮೇಲೆ ಹಾಯ್ದು ಎರಡನ್ನೂ ಜೋಡಿಸಿದೆ. ಒಂದೊಂದರ ಅಡಿಯಲ್ಲಿಯೂ 700 ಗ್ಯಾಲನ್ ನೀರು ಹಿಡಿಯುವ ತೊಟ್ಟಿ. ವೆಸ್ಟ್ ಲಿನ್ ಹೊಳೆಯ ನೀರು ಕೊಳವೆಯಲ್ಲಿ ಬಂದು ಮೇಲಿನ ತೊಟ್ಟಿಯನ್ನು ತುಂಬುತ್ತದೆ. ಕೆಳಗಿನವನು ತನ್ನ ತೊಟ್ಟಿಯ ನೀರನ್ನು ಹೊರಕ್ಕೆ ಬಿಡುತ್ತಾ ಬರಲು, ಮೇಲಿನದು ಭಾರವಾಗಿ ಇಳಿಯುತ್ತದೆ, ಕೆಳಗಿನದು ಹಗುರವಾಗಿ ಏರುತ್ತದೆ. ನಮ್ಮ ಹಿರಿಯರು ಕಪಿಲೆ ಹೊಡೆಯುತ್ತಿದ್ದುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುವುದು. ಅಲ್ಲಿ ಎತ್ತುಗಳು ಇಳಿಜಾರಿನಲ್ಲಿ ಇಳಿದು ನೀರನ್ನು ಮೇಲೆತ್ತಿದರೆ, ಇಲ್ಲಿ ನೀರು ಇಳಿದು ಮನುಷ್ಯರನ್ನು ಮೇಲೆತ್ತುತ್ತದೆ. 1890ರ ಈಸ್ಟರ್ ಹಬ್ಬದಲ್ಲಿ ಓಡಲಾರಂಭಿಸಿದ ಇದಕ್ಕೆ ಹಣವೊದಗಿಸಿದವರಲ್ಲಿ ಮುಖ್ಯನು ಜಾರ್ಜ್ ನ್ಯೂನ್ಸ್, ‘ಟಿಟ್‌ಬಿಟ್ಸ್’ ಪತ್ರಿಕೆಯನ್ನು ಹೊರಡಿಸಿ ಐಶ್ವರ್ಯವಂತನಾದವನು. ಮನೆಮಂದಿ ಓದುವ ಪತ್ರಿಕೆಯ ಕಾಸು ಬೆಟ್ಟವನ್ನೇರಿದ ಈ ಸಂಗತಿ ನಮ್ಮ ಪತ್ರಿಕೆಯ ಒಡೆಯರ ಕಿವಿಗೂ ಬೀಳಲಿ.

ಬಂಡಿ ದೊರೆತರೂ ಕೆಲಸ ಮುಗಿಯಲಿಲ್ಲ. ಅಲ್ಲಿನ ಕಡಲಿಗೂ ಏರಿಳಿತ ವಿಪರೀತ. ಬ್ರಿಸ್ಟಲ್ ಕಾಲುವೆಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಇರುವ ಅಂತರವು ಪ್ರಪಂಚದಲ್ಲಿಯೇ ಬಹಳ ಹೆಚ್ಚಿನವುಗಳಲ್ಲಿ ಒಂದು. ಇಳಿತದಲ್ಲಿ ದೋಣಿಗಳು ಕೆಸರಿನ ಮೇಲೆ ಕುಳಿತಿರುತ್ತವೆ. ನೀರನ್ನು ಮುಟ್ಟಬೇಕಾದರೆ ಗುಂಡುಕಲ್ಲುಗಳ ಮೇಲೆ ಬಹುದೂರ ಹೋಗಬೇಕು. ಮಂಡಿ ನೋವಿನವರಿಗೆ ಅದು ಆಗದ ಮಾತು. ಉಬ್ಬರದಲ್ಲಾದರೋ ನೀರು ದೋಣಿಕಟ್ಟೆಯ ಇಳಿಜಾರಿಗೆ ತಾನಾಗಿ ಬರುತ್ತದೆ. ಉಬ್ಬರದ ವೇಳೆಯ ಪಟ್ಟಿಯನ್ನೂ ಬಂಡಿಯ ವೇಳೆಯ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ಎರಡನೆಯ ದಿನ ನೀರು ತುಂಬುವುದು ಸಾಯಂಕಾಲಕ್ಕೆ. ಕಡೆಯ ಬಂಡಿ ಹೊರಡುವುದಕ್ಕೆ ಮುಕ್ಕಾಲು ಗಂಟೆ ಮಾತ್ರ ಮೊದಲು. ಅದು ತಪ್ಪಿದರೆ ಉಳಿಯುವುದು ನಾಲ್ಕು ಅಡಿಗೆ ಒಂದಡಿ ಏರುವ ರಸ್ತೆ.

ಮಧ್ಯಾಹ್ನವೇ ಕೆಳಗಿಳಿದು, ಕಾಯುತ್ತಾ ಕಟ್ಟೆಯ ಮೇಲೆ ಕುಳಿತೆವು. ಎದುರಿಗೆ ಕೌಂಟಿಸ್‌ಬರಿ ಗುಡ್ಡ, ಅದೂ ಅಷ್ಟೇ ಕಡಿದಾದುದು. 1899ರ ಜನವರಿ 12ರಂದು ಬಿರುಗಾಳಿಯಲ್ಲಿ ಸಿಕ್ಕಿದ್ದ ‘ಫಾರೆಸ್ಟ್ ಹಾಲ್’ ಎಂಬ ಹಡಗಿನವರನ್ನು ಉಳಿಸಲು ಇಲ್ಲಿಂದ ದೋಣಿ ಬಿಡುವುದು ಅಸಾಧ್ಯವಾಗಿರಲು, ಊರಿನವರು ‘ಲೂಯಿಸಾ’ ಎಂಬ ರಕ್ಷಣಾ ದೋಣಿಯನ್ನೇ ಕುದುರೆಗಳಿಂದಲೂ ಹಗ್ಗಗಳಿಂದಲೂ ಆ ಗುಡ್ಡವನ್ನೇರಿಸಿ, ರಾತ್ರಿಯೆಲ್ಲ ಸುಮಾರು 13 ಮೈಲಿ ಎಳೆದುಕೊಂಡು ಹೋಗಿ ಪೋರ್‌ಲಾಕ್ ವಿಯರ್‌ನಲ್ಲಿ ನೀರಿಗಿಳಿಸಿದರು. ಹಡಗಿನವರೆಲ್ಲ ಉಳಿದರು. ಕಥೆಯನ್ನು ಕೇಳಿದ ತಾಯಿಯವರು ಗುಡ್ಡವನ್ನು ಬಹಳ ಹೊತ್ತು ನೋಡಿ, “ಕುದುರೆಗಳ ಗತಿ ಏನಾಯಿತೋ” ಎಂದರು.

ಬಂಡಿಯನ್ನು ಎಳೆಯುವ ಆ ಹೊಳೆಯೇ ಒಮ್ಮೆ ಊರನ್ನು ಎಳೆದುಕೊಂಡು ಹೋದುದೂ ಉಂಟು. 1952ರ ಆಗಸ್ಟ್ 15ರಂದು ಎಕ್ಸ್‌ಮೂರ್ ಬೆಟ್ಟಗಳ ಮೇಲೆ ಒಂದೇ ದಿನದಲ್ಲಿ ಸುಮಾರು 9 ಅಂಗುಲ ಮಳೆ ಸುರಿದು, ಆ ರಾತ್ರಿ ಎರಡು ಹೊಳೆಗಳೂ ಬಂಡೆಗಳನ್ನು ಉರುಳಿಸಿಕೊಂಡು ಬಂದವು. 34 ಮಂದಿ ಮಡಿದರು, ನೂರಕ್ಕೂ ಹೆಚ್ಚು ಕಟ್ಟಡಗಳು ಹಾಳಾದವು. ಈಗ ಹೊಳೆಗೆ ಅಗಲವಾದ ಪಾತ್ರವನ್ನು ಕಟ್ಟಿದ್ದಾರೆ. ನಾವು ನೋಡಿದಾಗ ಮಗುವೂ ದಾಟಬಹುದಾದಷ್ಟು ನೀರು, ಅಷ್ಟು ದೊಡ್ಡ ಹಾಸಿಗೆಯಲ್ಲಿ ಒಂದು ಮೂಲೆಯಲ್ಲಿ ಹರಿಯುತ್ತಿದ್ದಿತು.

ಸಂಜೆ ನೀರು ಬಂದಿತು. ಅಡಿಯಡಿಯಾಗಿ ಕೆಸರು ಮುಳುಗಿತು, ಒರಗಿದ್ದ ದೋಣಿಗಳು ಒಂದೊಂದಾಗಿ ಎದ್ದು ನಿಂತವು. ತಾಯಿಯವರು ನಮ್ಮಿಬ್ಬರ ಭುಜಗಳನ್ನು ಹಿಡಿದು ಇಳಿಜಾರಿನಲ್ಲಿ ಹತ್ತು ಹೆಜ್ಜೆ ಇಟ್ಟರು. ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೊತ್ತಿಕೊಂಡು, ಉಳಿದುದನ್ನು ನಮ್ಮ ತಲೆಗಳ ಮೇಲೆ ಚಿಮುಕಿಸಿದರು, ಬಹಳ ತಣ್ಣಗಿದ್ದಿತು. ಬಂಡಿಯ ನಿಲ್ದಾಣವನ್ನು ಸೇರುವಾಗ ಇನ್ನೂ ಹತ್ತು ನಿಮಿಷ ಉಳಿದಿದ್ದಿತು. ಗಂಟೆ ಬಾರಿಸಿತು, ಅಡಿಯಲ್ಲಿ ನೀರು ಭೋರೆಂದು ಹೊರಬಿದ್ದಿತು, ಮನೆಗಳ ಸೂರುಗಳು ಕೆಳಗಾದವು.

ಮೂರನೆಯ ದಿನ ಲಿಂಟನ್ನಿನಿಂದ ಪಶ್ಚಿಮಕ್ಕೆ ಸುಮಾರು ಒಂದು ಮೈಲಿ ದೂರದ ಬಂಡೆಗಳ ಕಣಿವೆಗೆ ಹೋದೆವು. ರಸ್ತೆಯಲ್ಲಿ ಹೆಚ್ಚು ಏರಿಳಿತವಿಲ್ಲ. ಮಧ್ಯೆ ಮಧ್ಯೆ ಕೂತು ತಾಯಿಯವರೂ ನಡೆದೇ ಬಂದರು. ಅಲ್ಲಿ ಕಾಡುಮೇಕೆಗಳು ಕಡಲಿನ ಕಡೆಗೆ ಗೋಡೆಯಂತೆ ನಿಂತ ಕಲ್ಲುಗಳ ಮೇಲೆ ನಿರಾಯಾಸವಾಗಿ ಏರಿ ಇಳಿಯುತ್ತಿದ್ದವು. ಅವುಗಳಲ್ಲಿ ಒಂದು ಮುದಿ ಹೋತವು ಮಾತ್ರ ರಸ್ತೆಯ ಬದಿಯ ಹುಲ್ಲನ್ನೇ ಮೇಯುತ್ತಿದ್ದಿತು. ತಾಯಿಯವರು ಅದರ ಸಮೀಪದಲ್ಲಿಯೇ ಕಂಬಳಿ ಹಾಸಿಕೊಂಡು ಕುಳಿತು, ಬುತ್ತಿಯ ಗಂಟನ್ನು ಬಿಚ್ಚಿದರು.