ಪಿಜ್ಜಾ ಹುಟ್ಟಿದ ಊರಲ್ಲಿ ಎರಡು ದಿನ

ನಮ್ಮ ಆಫೀಸಿನಲ್ಲಿ ಪಿಜ್ಜಾ ಮಾತು ಬಂದರೆ ಸಾಕು, ಮೂರು ಪಾರ್ಟಿ ಆಗುತ್ತೆ. 'ಚೈನ್ ಪಿಜ್ಜಾನೇ ಬೆಸ್ಟ್, ಎಲ್ಲಿ ತಿಂದ್ರೂ ಒಂದೇ ಟೇಸ್ಟ್' ಅನ್ನೋರು ಒಂದು ಕಡೆ. 'ಅದೆಲ್ಲ ರಬ್ಬರ್ ಕಣ್ರೀ, ಸೌದೆ ಒಲೆಯದ್ದು ತಿಂದು ನೋಡಿ' ಅನ್ನೋರು ಇನ್ನೊಂದು ಕಡೆ. 'ಎರಡೂ ಬೇಡ, ಬೇಸ್ ತಂದು ಮನೇಲೇ ಮಾಡ್ಕೊಳ್ಳಿ, ಅರ್ಧ ದುಡ್ಡು' ಅನ್ನೋದು ಮೂರನೇ ಪಾರ್ಟಿ. ಇದರಲ್ಲಿ ಮಕ್ಕಳಿರೋರೇ ಜಾಸ್ತಿ.

ಪ್ರಾಜೆಕ್ಟ್ ಕೆಲಸಕ್ಕೆ ಮಿಲಾನ್‌ಗೆ ಹೋಗಿದ್ದಾಗ ಒಂದು ವೀಕೆಂಡ್ ಪೂರ್ತಿ ಕೈಗೆ ಸಿಕ್ತು. ಜೊತೆಯವರೆಲ್ಲ ವೆನಿಸ್‌ಗೆ ಹೊರಟರು, ನಾನು ನೇಪಲ್ಸ್ ಟ್ರೇನ್ ಹತ್ತಿದೆ. ವೇಗದ ರೈಲಿನಲ್ಲಿ ಸುಮಾರು ನಾಲ್ಕೂವರೆ ಗಂಟೆ ದಾರಿ.

ಚಿಕ್ಕಪೇಟೆಯಂಥ ಊರು

ನೇಪಲ್ಸ್ ಕ್ಯಾಲೆಂಡರ್ ಫೋಟೋದಲ್ಲಿರೋ ಇಟಲಿ ಅಲ್ಲ. ಹಳೇ ಊರಿನೊಳಗೆ ಕಾಲಿಟ್ಟರೆ ನಮ್ಮ ಚಿಕ್ಕಪೇಟೆ, ಬಳೇಪೇಟೆ ನೆನಪಾಗುತ್ತೆ. ಇಬ್ಬರು ನಡೆಯೋ ಗಲ್ಲಿಯಲ್ಲಿ ಸ್ಕೂಟರ್ ನುಗ್ಗುತ್ತೆ. ತಲೆ ಮೇಲೆ ಬಾಲ್ಕನಿಯಿಂದ ಬಾಲ್ಕನಿಗೆ ಒಗೆದ ಬಟ್ಟೆ. ಜನ ಕೂಗಿಕೊಂಡೇ ಮಾತಾಡ್ತಾರೆ. ಊರಾಚೆ ವೆಸೂವಿಯಸ್ ಜ್ವಾಲಾಮುಖಿ ಸುಮ್ಮನೆ ಕೂತಿದೆ.

ವಿಯಾ ದೇಯಿ ತ್ರಿಬುನಾಲಿ ಅನ್ನೋ ಬೀದಿಯನ್ನು ಪಿಜ್ಜಾ ಬೀದಿ ಅಂತಲೇ ಕರೀಬಹುದು. ಅಲ್ಲಿ ಕಂಡ ಮೊದಲ ಪಿಜ್ಜಾ ತಟ್ಟೆಯಲ್ಲಿ ಇರಲಿಲ್ಲ, ಜನರ ಕೈಯಲ್ಲಿತ್ತು. ಚಿಕ್ಕ ಪಿಜ್ಜಾವನ್ನು ನಾಲ್ಕು ಮಡಿಕೆ ಮಡಿಸಿ ಪೇಪರಲ್ಲಿ ಸುತ್ತಿ ಕೊಡ್ತಾರೆ. ಹೆಸರು 'ಪೋರ್ತಾಫೋಲ್ಯೊ', ಅಂದ್ರೆ ಪರ್ಸು. ಎರಡು ಯೂರೋ ಆಸುಪಾಸಿನ ರೇಟು. ನಿಂತು ತಿಂದು, ಕೈ ಒರೆಸಿಕೊಂಡು ಹೊರಟರೆ ಆಯ್ತು, ಥೇಟ್ ನಮ್ಮ ದರ್ಶಿನಿ ಥರ.

ಹಿಂದೆ ಇಲ್ಲಿ ಇನ್ನೊಂದು ಪದ್ಧತಿ ಇತ್ತಂತೆ: 'ಇವತ್ತು ತಿನ್ನಿ, ಎಂಟು ದಿನ ಬಿಟ್ಟು ದುಡ್ಡು ಕೊಡಿ'. ಬಡವರ ಗಲ್ಲಿಗಳಲ್ಲಿ ಕರಿದ ಪಿಜ್ಜಾವನ್ನು ಹೀಗೆ ಉದ್ರಿ ಮಾರ್ತಿದ್ದರು. ನಮ್ಮ ಕಾಕಾ ಅಂಗಡಿಯ ಖಾತೆ ಪುಸ್ತಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತೊಂಬತ್ತು ಸೆಕೆಂಡಿನ ಕೆಲಸ

ಮಧ್ಯಾಹ್ನ ದಾ ಮಿಕೇಲೆಗೆ ಹೋದೆ. 1870ರಿಂದ ಇರೋ ಅಂಗಡಿ. ಬಾಗಿಲಲ್ಲಿ ನಂಬರ್ ಚೀಟಿ ತಗೊಂಡು ರಸ್ತೆಯಲ್ಲೇ ಕಾಯಬೇಕು. ಒಳಗೆ ಅಮೃತಶಿಲೆಯ ಟೇಬಲ್ಲು, ಪರಿಚಯ ಇಲ್ಲದವರ ಎದುರಿಗೇ ಕೂರಿಸ್ತಾರೆ. ಮೆನು ಓದೋ ಕಷ್ಟವಿಲ್ಲ. ಇವರ ಹೆಸರು ಉಳಿದಿರೋದೇ ಎರಡು ಪಿಜ್ಜಾ ಮೇಲೆ: ಮಾರ್ಗರೀಟಾ ಮತ್ತು ಮಾರಿನಾರಾ. ಐದಾರು ಯೂರೋ ಬೆಲೆ. ನಮ್ಮ ಲೆಕ್ಕದಲ್ಲಿ ಐನೂರು ರೂಪಾಯಿ ಹೆಚ್ಚಾಯ್ತು ಅನ್ಸುತ್ತೆ, ಆದ್ರೆ ಯುರೋಪಿನಲ್ಲಿ ಆ ದುಡ್ಡಿಗೆ ಹೊಟ್ಟೆ ತುಂಬಾ ಊಟ ಸಿಗೋದು ಅಪರೂಪ.

ಒಲೆ ಎದುರಿನ ಕೆಲಸ ನೋಡೋದೇ ಒಂದು ಖುಷಿ. ಲಟ್ಟಣಿಗೆ ಮುಟ್ಟಲ್ಲ. ಕೈಯಲ್ಲೇ ಹಿಟ್ಟನ್ನು ನಡುವಿನಿಂದ ಅಂಚಿಗೆ ತಳ್ಳಿ, ಗಾಳಿಯನ್ನೆಲ್ಲ ಅಂಚಿನಲ್ಲಿ ಉಳಿಸ್ತಾರೆ. ಅದೇ ಉಬ್ಬಿ ದಪ್ಪ ಅಂಚಾಗುತ್ತೆ. 1984ರಲ್ಲಿ ಶುರುವಾದ ನೇಪಲ್ಸ್ ಪಿಜ್ಜಾ ಸಂಘದ ನಿಯಮದ ಪ್ರಕಾರ ಹಿಟ್ಟಿಗೆ ನಾಲ್ಕೇ ಪದಾರ್ಥ: ಮೈದಾದಂಥ ನಯವಾದ ಗೋಧಿ ಹಿಟ್ಟು, ನೀರು, ಉಪ್ಪು, ಯೀಸ್ಟ್. ಸೌದೆ ಒಲೆಯ ಶಾಖ 400 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ಬೇಯೋದಕ್ಕೆ 60ರಿಂದ 90 ಸೆಕೆಂಡ್. ಅಂಚಿನ ಮೇಲೆ ಚಿರತೆ ಮೈ ಥರ ಕಪ್ಪು ಚುಕ್ಕಿ, ನಡುವೆ ಮೆತ್ತಗೆ, ಸ್ವಲ್ಪ ನೀರು ನೀರು. 'ಗರಿ ಗರಿ ಇಲ್ವಲ್ಲ' ಅಂತ ನಮ್ಮವರು ವಾಪಸ್ ಕಳಿಸಿದ್ರೂ ಆಶ್ಚರ್ಯವಿಲ್ಲ. ಕೆಚಪ್ ಇಲ್ಲ, ಚಿಲ್ಲಿ ಫ್ಲೇಕ್ಸ್ ಪ್ಯಾಕೆಟ್ ಇಲ್ಲ. ಕತ್ತರಿಸಿಯೂ ಕೊಡಲ್ಲ, ಒಬ್ಬರಿಗೆ ಒಂದು ಇಡೀ ಪಿಜ್ಜಾ.

1889ರಲ್ಲಿ ರಾಣಿ ಮಾರ್ಗರೀಟಾಗೆ ಇಟಲಿ ಬಾವುಟದ ಬಣ್ಣದಲ್ಲಿ ಪಿಜ್ಜಾ ಮಾಡಿಕೊಟ್ಟರು ಅನ್ನೋ ಕತೆ ಪ್ರತಿ ಗೈಡ್ ಹೇಳ್ತಾನೆ. ಇತಿಹಾಸಕಾರರು ಅದನ್ನು ಪೂರ್ತಿ ಒಪ್ಪಲ್ಲ. ಖಚಿತವಾಗಿರೋದು ಇನ್ನೊಂದಿದೆ. 2017ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಪಿಜ್ಜಾ ಅನ್ನೋ ತಿಂಡಿಯನ್ನಲ್ಲ, ಅದನ್ನು ಮಾಡೋರ ಕಲೆಯನ್ನು. ಹಿಟ್ಟು ತಟ್ಟೋ ಆ ಕೈಗಳಿಗೆ ಸಿಕ್ಕ ಮರ್ಯಾದೆ ಅದು.

ಸಸ್ಯಾಹಾರಿಗಳಿಗೆ ಎರಡು ಮಾತು. 'ಮಾರಿನಾರಾ' ಹೆಸರಿಗೆ ನಾವಿಕರದ್ದು, ಆದ್ರೆ ಅದರಲ್ಲಿ ಮೀನಿಲ್ಲ, ಚೀಸೂ ಇಲ್ಲ. ಬರೀ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ. ಇಟಲಿಯಲ್ಲಿ 'ಪೆಪೆರೋನಿ' ಅಂದ್ರೆ ದಪ್ಪ ಮೆಣಸಿನಕಾಯಿ, ಅಂದ್ರೆ ನಮ್ಮ ಕ್ಯಾಪ್ಸಿಕಂ, ಹೆದರಬೇಡಿ. 'ಅಚ್ಚೂಗೆ' ಇದ್ರೆ ಮಾತ್ರ ದೂರ ಇರಿ, ಅದು ಮೀನು. ಪಾರ್ಮೆಸಾನ್ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸ್ತಾರೆ. ಕಟ್ಟುನಿಟ್ಟಿನವರು ಅದನ್ನು ಉದುರಿಸಬೇಡಿ ಅಂತ ಮೊದಲೇ ಹೇಳಿ.

ಚೈನ್ ಸೋತದ್ದು ಎಲ್ಲಿ, ಗೆದ್ದದ್ದು ಎಲ್ಲಿ

ಡಾಮಿನೋಸ್ 2015ರಲ್ಲಿ ಇಟಲಿಗೆ ಬಂತು, ಮೊದಲ ಅಂಗಡಿ ಮಿಲಾನ್‌ನಲ್ಲೇ. 880 ಅಂಗಡಿ ತೆರೆಯೋ ಪ್ಲಾನ್ ಇತ್ತು. 2022ರ ಹೊತ್ತಿಗೆ ಎಲ್ಲಾ ಮುಚ್ಚಿತು. 'ಇಟಲಿಯವರಿಗೆ ಪಿಜ್ಜಾ ಮಾರೋಕೆ ಹೋದ್ರಲ್ಲ' ಅಂತ ಜಗತ್ತೆಲ್ಲ ನಕ್ಕಿತು. ಆದ್ರೆ ಕಾರಣ ರುಚಿ ಒಂದೇ ಅಲ್ಲ. ಅವರ ಬಲ ಇದ್ದದ್ದು ಮನೆ ಬಾಗಿಲಿಗೆ ತಲುಪಿಸೋದರಲ್ಲಿ. ಕೊರೊನಾ ಕಾಲದಲ್ಲಿ ಗಲ್ಲಿ ಗಲ್ಲಿಯ ಪಿಜ್ಜೇರಿಯಾಗಳೂ ಡೆಲಿವರಿ ಆ್ಯಪ್‌ಗೆ ಬಂದವು. ಪಕ್ಕದ ಬೀದಿಯ ಪಿಜ್ಜಾ ಬಿಸಿಬಿಸಿಯಾಗಿ ಬಾಗಿಲಿಗೆ ಬರುವಾಗ ಇನ್ನೊಂದು ಯಾಕೆ?

ನಮ್ಮಲ್ಲಿ ಕತೆ ಉಲ್ಟಾ. 1996ರಲ್ಲಿ ಡಾಮಿನೋಸ್ ದೆಹಲಿಗೆ ಬಂತು, ಪಿಜ್ಜಾ ಹಟ್ ದೇಶದ ತನ್ನ ಮೊದಲ ಅಂಗಡಿಯನ್ನು ಬೆಂಗಳೂರಲ್ಲೇ ತೆರೆಯಿತು. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನ ಕೆಎಫ್‌ಸಿ ಅಂಗಡಿಗೆ ರೈತ ಸಂಘದವರು ನುಗ್ಗಿದ್ದನ್ನು ಅಪ್ಪ ಈಗಲೂ ಹೇಳ್ತಾರೆ. ಅಷ್ಟು ವಿರೋಧದ ನಡುವೆಯೂ ಚೈನ್‌ಗಳು ಉಳಿದವು, ಬೆಳೆದವು. ನಾಟಕ ಅಲ್ಲ, ಅವಕ್ಕೆ ನಿಜವಾದ ಕಾರಣ ಇದೆ. ಹಿಟ್ಟು ಒಂದೇ ಕಡೆ ತಯಾರಾಗಿ, ಫ್ರಿಜ್ ವ್ಯಾನಿನಲ್ಲಿ ಅಂಗಡಿಗಳಿಗೆ ಹೋಗುತ್ತೆ. ಓವನ್ ಒಳಗೆ ಬೆಲ್ಟ್ ಓಡುತ್ತೆ, ಈ ಕಡೆ ಹಾಕಿದ್ದು ಏಳೆಂಟು ನಿಮಿಷಕ್ಕೆ ಆ ಕಡೆ ಬೆಂದು ಬರುತ್ತೆ. ಯಾರು ಡ್ಯೂಟಿಯಲ್ಲಿದ್ರೂ ರಿಸಲ್ಟ್ ಒಂದೇ. ನಮ್ಮ ಫೀಲ್ಡಿನವರು ಇದನ್ನು ನೋಡಿ ನಗೋ ಹಾಗಿಲ್ಲ, ನಾವು ದಿನಾ ಮಾಡೋದೂ ಅದೇ ಥರದ ಕೆಲಸ.

ಇನ್ನೊಂದು ಕಾರಣ ರುಚಿಗೆ ಸಂಬಂಧಪಟ್ಟಿದ್ದಲ್ಲ. ಜಿಲ್ಲಾ ಕೇಂದ್ರದ ಒಂದು ಹುಡುಗಿ ಮೊದಲ ಸಂಬಳದಲ್ಲಿ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿ, ಎಸಿಯಲ್ಲಿ ಕೂರಿಸಿ, ಬೆಲೆ ಬೋರ್ಡಿನಲ್ಲೇ ನೋಡಿ, ಯಾರಿಂದಲೂ ಕೀಳಾಗಿ ನೋಡಿಸಿಕೊಳ್ಳದೆ ಊಟ ಕೊಡಿಸೋ ಜಾಗ ಎಷ್ಟಿದೆ? ಕ್ಲೀನ್ ಟಾಯ್ಲೆಟ್ ಇರೋ ಜಾಗ ಎಷ್ಟಿದೆ? ಚೈನ್ ಪಿಜ್ಜಾವನ್ನು ಹಂಗಿಸೋ ಮುಂಚೆ ಇದನ್ನು ಯೋಚಿಸಬೇಕು.

ನಮ್ಮ ಏರಿಯಾದ ಒಲೆ

ಹಾಗಾದ್ರೆ ನೇಪಲ್ಸ್‌ನ ಪಿಜ್ಜೇರಿಯಾಗೆ ನಮ್ಮಲ್ಲಿ ಸಾಟಿ ಯಾವುದು? ನನ್ನ ಮಟ್ಟಿಗೆ ಅದು ಎಂಟುನೂರು ರೂಪಾಯಿಯ ಸೌದೆ ಒಲೆ ಪಿಜ್ಜಾ ಅಲ್ಲ. ಅದು ಚೆನ್ನಾಗಿರುತ್ತೆ, ಆದ್ರೆ ಏರಿಯಾದ ಜನ ದಿನಾ ತಿನ್ನೋದಲ್ಲ. ಸಾಟಿ ಅಂದ್ರೆ ಅಯ್ಯಂಗಾರ್ ಬೇಕರಿ. ಹಾಸನದ ಕಡೆಯಿಂದ ಬಂದ ಕುಟುಂಬಗಳು ರಾಜ್ಯದ ತುಂಬ ಹರಡಿದ ಬೇಕರಿಗಳು ಅವು. ಹಳೇ ಬೇಕರಿಗಳಲ್ಲಿ ಇಟ್ಟಿಗೆಯ ಸೌದೆ ಒಲೆ ಇರ್ತಿತ್ತು. ಬನ್ನಿನ ಹಿಟ್ಟಿನ ಮೇಲೆ ಕೋಸು, ಕ್ಯಾರೆಟ್, ಈರುಳ್ಳಿ, ಹಸಿಮೆಣಸಿನಕಾಯಿ, ಚೂರು ಚೀಸ್ ಹಾಕಿದ ಅಂಗೈಯಗಲದ ಬೇಕರಿ ಪಿಜ್ಜಾ ನೀವೂ ತಿಂದಿರ್ತೀರಿ. ಇಟಲಿಯವರು ಅದನ್ನು ಪಿಜ್ಜಾ ಅನ್ನಲ್ಲ. ಇರ್ಲಿ ಬಿಡಿ, ನಮ್ಮ ಊರಿನ ನಾಲಿಗೆಗೆ ನಮ್ಮ ಊರಿನ ಒಲೆ ಕೊಟ್ಟ ಉತ್ತರ ಅದು.

ವಿಜಯನಗರದಲ್ಲಿ ನಮ್ಮ ಮನೆ ಹಿಂದಿನ ಬೀದಿಯಲ್ಲಿದ್ದ ಅಂಥದ್ದೊಂದು ಬೇಕರಿ ಮುಚ್ಚಿ ವರ್ಷದ ಮೇಲಾಯ್ತು. ಬಾಡಿಗೆ ಏರಿತು, ಮಗ ಐಟಿಗೆ ಸೇರಿದ, ಅಂಕಲ್‌ಗೆ ಮಂಡಿ ನೋವು. ಆ್ಯಪ್‌ನಲ್ಲಿ ಅವರು ಇರಲೇ ಇಲ್ಲ. 'ಕಮಿಷನ್ ಕೊಟ್ಟು ಹದಿನೆಂಟು ರೂಪಾಯಿ ಬನ್ ಹೇಗಪ್ಪಾ ಮಾರೋದು?' ಅಂತಿದ್ರು. ಕೊನೆ ವಾರ 'ಒಲೆ ಏನ್ಮಾಡ್ತೀರಾ ಅಂಕಲ್?' ಅಂತ ಕೇಳಿದ್ದಕ್ಕೆ, 'ಒಡೀತಾರಂತೆ, ಅದನ್ನ ಎತ್ಕೊಂಡು ಹೋಗೋಕಾಗುತ್ತಾ?' ಅಂದ್ರು. ನೇಪಲ್ಸ್‌ನಲ್ಲಿ ನಿಂತಾಗ ನನಗೆ ಹೊಟ್ಟೆಕಿಚ್ಚಾಗಿದ್ದು ಪಿಜ್ಜಾ ನೋಡಿ ಅಲ್ಲ, ಆ ಒಲೆಗಳು ಇನ್ನೂ ಉರೀತಾ ಇರೋದನ್ನ ನೋಡಿ. ಅಲ್ಲಿಗೂ ಚೈನ್ ಬಂದಿತ್ತು, ಆ್ಯಪ್ ಬಂದಿತ್ತು. ಆದ್ರೂ ಜನ ಕಾಲ್ನಡಿಗೆಯಲ್ಲಿ ಅಂಗಡಿಗೆ ಹೋಗೋದು ಬಿಡಲಿಲ್ಲ.

ಮನೆಯದ್ದು ಡೂಪ್ಲಿಕೇಟ್ ಅಲ್ಲ

ಊರಿಗೆ ಹೋದಾಗ ಅಮ್ಮ ಕಬ್ಬಿಣದ ತವಾ ಮೇಲೆ ಪಿಜ್ಜಾ ಮಾಡ್ತಾಳೆ. 'ನಂದು ಡೂಪ್ಲಿಕೇಟ್ ಕಣೋ, ಒರಿಜಿನಲ್ ಬೇಕಂದ್ರೆ ಆರ್ಡರ್ ಮಾಡ್ಕೋ' ಅಂತ ಮೊದಲೇ ಹೇಳಿಬಿಡ್ತಾಳೆ. ಅವಳಿಗೆ ಒರಿಜಿನಲ್ ಅಂದ್ರೆ ಡಬ್ಬದಲ್ಲಿ ಬರೋದು. ನೇಪಲ್ಸ್ ಫೋಟೋ ತೋರಿಸಿದೆ. ಸುಟ್ಟ ಅಂಚು, ಸೊಟ್ಟ ಆಕಾರ ನೋಡಿ, 'ಇದೇನೋ, ನಂದೇ ಥರ ಇದೆ' ಅಂದ್ಲು.

ನೀವೂ ಮಾಡೋದಾದ್ರೆ ಲೆಕ್ಕ ಇಷ್ಟೇ. ಮೈದಾ 500 ಗ್ರಾಂ, ನೀರು 310 ಮಿಲಿ, ಉಪ್ಪು 10 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ ಕಾಲು ಚಮಚ. ಕಲಸಿ, ಹತ್ತು ನಿಮಿಷ ನಾದಿ, ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ನಿಧಾನಕ್ಕೆ ಹುದುಗಿದ್ರೆ ರುಚಿ ಬರುತ್ತೆ, ದೋಸೆ ಹಿಟ್ಟಿನ ಹಾಗೇ. ಬೆಳಗ್ಗೆ ನಾಲ್ಕು ಉಂಡೆ ಮಾಡಿ, ಎರಡು ಮೂರು ಗಂಟೆ ಹೊರಗಿಡಿ. ಕೋಲಾರದ ಟೊಮೆಟೊ ಸಾಕು. ಬಿಸಿನೀರಿಗೆ ಹಾಕಿ ಸಿಪ್ಪೆ ತೆಗೆದು, ಕೈಯಲ್ಲಿ ಹಿಚುಕಿ, ಜರಡಿಯಲ್ಲಿ ನೀರು ಸೋಸಿ ಉಪ್ಪು ಬೆರೆಸಿ. ಮನೆಯ ಓವನ್ ಸಾಮಾನ್ಯವಾಗಿ 250 ಡಿಗ್ರಿ ದಾಟಲ್ಲ. ಹಿಡಿ ಇಲ್ಲದ ದಪ್ಪ ಕಬ್ಬಿಣದ ಕಾವಲಿಯನ್ನು ಒಳಗೆ ಬೋರಲು ಇಟ್ಟು ಅರ್ಧ ಗಂಟೆ ಕಾಯಿಸಿ, ಅದರ ಮೇಲೆ ಪಿಜ್ಜಾ ಜಾರಿಸಿ. ಏಳೆಂಟು ನಿಮಿಷ ಸಾಕು. ಓವನ್ ಇಲ್ವಾ? ತವಾ, ಮೇಲೊಂದು ಮುಚ್ಚಳ, ಸಣ್ಣ ಉರಿ. ಫ್ರಿಜ್ ಬಾಗಿಲಲ್ಲಿ ಕೂಡಿಟ್ಟ ಓರೆಗಾನೊ ಪ್ಯಾಕೆಟ್‌ಗಳು ಈಗ ಕೆಲಸಕ್ಕೆ ಬರುತ್ವೆ.

ನಡುರಾತ್ರಿ ರಿಲೀಸ್ ಇದ್ದಾಗ ಚೈನ್ ಪಿಜ್ಜಾ ತರಿಸಿ, ತಪ್ಪೇನಿಲ್ಲ. ಭಾನುವಾರ ಮನೆಯಲ್ಲಿ ತಟ್ಟಿ. ಆದ್ರೆ ವಾರಕ್ಕೊಂದು ಸಂಜೆ ನಿಮ್ಮ ಏರಿಯಾದ ಬೇಕರಿಗೆ ನಡ್ಕೊಂಡು ಹೋಗಿ, ಮೂರು ಗಂಟೆಯ ಬ್ಯಾಚ್ ಎಷ್ಟೊತ್ತಿಗೆ ಹೊರಗೆ ಬರುತ್ತೆ ಅಂತ ಕೇಳಿಟ್ಕೊಳ್ಳಿ. ಬಿಸಿ ಇರುವಾಗ ತಿಂದ್ರೆ ನಾನು ಏನು ಹೇಳ್ತಿದೀನಿ ಅಂತ ಗೊತ್ತಾಗುತ್ತೆ.