ಮನೆಯನ್ನು ಎಳೆಯುವ ಗಾಡಿ: ಜಯನಗರದಿಂದ ಕೂಡಲಸಂಗಮಕ್ಕೆ

ಜಯನಗರ, ಜೆ.ಪಿ.ನಗರ, ಬನಶಂಕರಿಗಳ ಅನೇಕ ಮನೆಗಳಲ್ಲಿ ವಯಸ್ಸಾದ ತಂದೆತಾಯಿಯರಿಗೆ ಒಂದು ಆಸೆ ಉಳಿದಿರುತ್ತದೆ. ಕೈಕಾಲು ಗಟ್ಟಿಯಿರುವಾಗಲೇ ಇನ್ನೊಮ್ಮೆ ಕೂಡಲಸಂಗಮವನ್ನು ಕಾಣಬೇಕು ಎಂಬುದು ಆ ಆಸೆ. ಮಕ್ಕಳಿಗೂ ಕರೆದೊಯ್ಯುವ ಮನಸ್ಸಿದೆ. ಅಡ್ಡಬರುವುದು ಸುಮಾರು 450 ಕಿಲೋಮೀಟರಿನ ದೂರವಲ್ಲ. ಬೇಕೆನಿಸಿದಾಗ ಮಲಗಲು ಹಾಸಿಗೆ, ಪಥ್ಯದ ಊಟ, ಇಷ್ಟಲಿಂಗ ಪೂಜೆಗೆ ಶುಚಿಯಾದ ಮೂರಡಿ ಜಾಗ, ಮಂಡಿನೋವಿನವರಿಗೆ ಒಗ್ಗುವ ಶೌಚಾಲಯ, ಇವಿಷ್ಟೇ ಸಮಸ್ಯೆ. ಇವೆಲ್ಲವನ್ನೂ ಒಳಗೊಂಡ ಗಾಲಿಯ ಮನೆಯೊಂದನ್ನು ಪಿಕಪ್ ವಾಹನದ ಹಿಂದೆ ಕಟ್ಟಿಕೊಂಡು ಹೋದರೆ ಹೇಗೆ ಎಂಬ ಆಲೋಚನೆ ಹುಟ್ಟುವುದು ಇಲ್ಲಿಯೇ.

ಈ ಆಲೋಚನೆ ನಮಗೆ ಹೊಸದೇನಲ್ಲ. ನಮ್ಮ ಅಜ್ಜಂದಿರು ಕಮಾನು ಗಾಡಿ ಕಟ್ಟಿ, ಬುತ್ತಿ ತುಂಬಿ, ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ಜಾತ್ರೆಗೆ ಹೊರಡುತ್ತಿದ್ದರು. ಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನನ್ನು ಗಮನಿಸಿರಿ. ಅವನು ಕೊಂಬಿನ ಅಂದಕ್ಕೆ ಮರುಳಾಗಿ ಹಣ ಬಿಚ್ಚುವುದಿಲ್ಲ. ಹೊಲ ಎಂಥದು, ಹೇರು ಎಷ್ಟು, ದಾರಿ ಹೇಗಿದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಹೆಗಲು, ಗೊರಸುಗಳನ್ನು ನೋಡುತ್ತಾನೆ. ಪಿಕಪ್ ಕೊಳ್ಳುವವರಿಗೂ ಇದೇ ಕ್ರಮ ಹಿತ. ಮೊದಲು ಹೊರೆಯನ್ನು ನಿಶ್ಚಯಿಸಬೇಕು, ಅನಂತರ ಎಳೆಯುವುದನ್ನು.

ಹೊರೆಯ ಲೆಕ್ಕವನ್ನು ಹೀಗೆ ಮಾಡಬಹುದು. ಖಾಲಿ ಟ್ರೈಲರಿನ ತೂಕ 1200 ಕಿಲೋ ಎಂದುಕೊಳ್ಳೋಣ. ನೂರು ಲೀಟರ್ ನೀರು ತುಂಬಿದರೆ ನೂರು ಕಿಲೋ ಸೇರಿತು. ತುಂಬಿದ ಅಡುಗೆ ಅನಿಲದ ಸಿಲಿಂಡರ್ ಸುಮಾರು 30 ಕಿಲೋ. ಹಾಸಿಗೆ, ಪಾತ್ರೆ, ದಿನಸಿ, ಬಟ್ಟೆಗಳೆಲ್ಲ ಕೂಡಿ 1500 ಕಿಲೋ ಆಗುವುದು ಕಷ್ಟವಲ್ಲ. ಕೊಳ್ಳಬೇಕೆಂದಿರುವ ವಾಹನ ಇಷ್ಟು ತೂಕವನ್ನು ಎಳೆಯಲು ತಯಾರಕರ ಅನುಮತಿ ಇದೆಯೇ ಎಂಬುದನ್ನು ಕೈಪಿಡಿಯಲ್ಲಿ ನೋಡಬೇಕು. ಅಲ್ಲಿ ಇಲ್ಲವಾದರೆ ಬರಹದಲ್ಲಿ ಕೇಳಿ ಪಡೆಯಬೇಕು. ಮಾರಾಟಗಾರರ ಬಾಯಿಮಾತು ಸಾಲದು.

ಗಾಡಿ ಹೊಡೆದವರಿಗೆ ಮೂಕಿಭಾರದ ಅರ್ಥ ಗೊತ್ತು. ಹೇರು ಹಿಂದಕ್ಕೆ ಜಗ್ಗಿದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ; ತೀರ ಮುಂದಾದರೆ ಹೆಗಲು ನೋಯುತ್ತದೆ. ಟ್ರೈಲರಿನಲ್ಲಿಯೂ ಹಾಗೆಯೇ. ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕು. 1500 ಕಿಲೋ ಟ್ರೈಲರಿಗೆ ಇದು ಕನಿಷ್ಠ 150 ಕಿಲೋ. ಭಾರ ಹಿಂದಾದರೆ ವೇಗದಲ್ಲಿ ಟ್ರೈಲರ್ ಅತ್ತಿತ್ತ ಓಲಾಡಿ ಎಳೆಯುವ ವಾಹನವನ್ನೇ ತಿರುಗಿಸಿಬಿಡುವ ಅಪಾಯವಿದೆ. ಈ 150 ಕಿಲೋ, ಒಳಗೆ ಕುಳಿತ ಐವರು ಮತ್ತು ಅವರ ಸಾಮಾನು, ಎಲ್ಲವೂ ಪಿಕಪ್ ಹೊರಬಹುದಾದ ಮಿತಿಯೊಳಗೇ ಬರಬೇಕೆಂಬುದನ್ನು ಮರೆಯಬಾರದು.

ಇನ್ನು ಆಯ್ಕೆ. 2016ರಲ್ಲಿ ನಮ್ಮ ದೇಶಕ್ಕೆ ಬಂದ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಟೊಯೋಟಾ ಹೈಲಕ್ಸ್, ಇವೆರಡೂ ಬಿಡಿ ಚಾಸಿಯ ಮೇಲೆ ಕಟ್ಟಿದ, ನಾಲ್ಕೂ ಗಾಲಿಗಳಿಗೆ ಶಕ್ತಿ ಹರಿಸಬಲ್ಲ, ಐವರು ಕೂರಬಹುದಾದ ಡೀಸೆಲ್ ಪಿಕಪ್‌ಗಳು. ಇವುಗಳಲ್ಲಿ ಗಮನಿಸಬೇಕಾದುದು ಓಟದ ವೇಗವನ್ನಲ್ಲ. ಕಡಿಮೆ ಸುತ್ತಿನಲ್ಲಿ ಎಂಜಿನ್ ಕೊಡುವ ಎಳೆತವನ್ನು ಮತ್ತು ಬ್ರೇಕನ್ನು. ಟ್ರೈಲರಿಗೆ ತನ್ನದೇ ಬ್ರೇಕ್ ಇರುವುದು ಅವಶ್ಯ. ಕನಕಪುರ ರಸ್ತೆ ಹಿಡಿದು ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟವರು ಟ್ರೈಲರನ್ನು ತಾಳುಬೆಟ್ಟದ ಕೆಳಗೆ ಬಿಟ್ಟು ಪಿಕಪ್ಪಿನಲ್ಲಿಯೇ ಘಾಟಿ ಏರುವುದು ಜಾಣತನ. ಓಡುವ ಟ್ರೈಲರಿನೊಳಗೆ ಹಿರಿಯರನ್ನಾಗಲಿ ಮಕ್ಕಳನ್ನಾಗಲಿ ಎಂದಿಗೂ ಕೂರಿಸಬಾರದು.

ಕಾನೂನನ್ನೂ ಅರಿತಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೈಲರೂ ಒಂದು ಮೋಟಾರು ವಾಹನವೇ. ಆದುದರಿಂದ ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ಎಳೆಯುವ ವಾಹನದ ಸಂಖ್ಯೆಯೂ ಅದರ ಹಿಂಬದಿಯಲ್ಲಿ ಕಾಣಬೇಕು. ಪಿಕಪ್‌ಗಳಲ್ಲಿ ಸರಕು ವಾಹನವಾಗಿ ನೋಂದಣಿಯಾಗುವವೂ ಖಾಸಗಿ ವಾಹನವಾಗಿ ನೋಂದಣಿಯಾಗುವವೂ ಇವೆ. ಹಣ ಕಟ್ಟುವ ಮೊದಲೇ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಕೇಳಿಕೊಳ್ಳುವುದು ಕ್ಷೇಮ.

ಆದರೆ ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ನಮ್ಮ ಬೀದಿಯಲ್ಲಿಯೇ ಇದೆ. ಮೇಲಿನ ಪಿಕಪ್‌ಗಳ ಉದ್ದ ಸುಮಾರು 5.3 ಮೀಟರ್. ಐದು ಮೀಟರಿನ ಟ್ರೈಲರನ್ನು ಕೂಡಿಸಿದರೆ ಹತ್ತು ಮೀಟರ್ ಮೀರುತ್ತದೆ. ಮೂವತ್ತು-ನಲವತ್ತರ ನಿವೇಶನದ ಪೂರ್ಣ ಉದ್ದವೇ ಹನ್ನೆರಡು ಮೀಟರ್! 1948ರಲ್ಲಿ ರೂಪುಗೊಂಡ ಜಯನಗರದ ಮುಖ್ಯ ರಸ್ತೆಗಳು ವಿಶಾಲವಾಗಿವೆ ನಿಜ. ಅಡ್ಡರಸ್ತೆಗಳಲ್ಲಿ ಎರಡೂ ಬದಿಗೆ ನಿಂತ ಕಾರುಗಳ ನಡುವೆ, ಬಾಗಿದ ಮರದ ಕೊಂಬೆಗಳ ಕೆಳಗೆ, ಇಷ್ಟುದ್ದದ ಜೋಡಿಯನ್ನು ತಿರುಗಿಸುವುದು ಸುಲಭವಲ್ಲ. ಬಿ.ಟಿ.ಎಂ. ಬಡಾವಣೆಯ ಕಿರಿದಾದ ಬೀದಿಗಳ ಮಾತಂತೂ ಬೇಡ. ನೆರೆಯವರ ಬಾಗಿಲಿಗೆ ಅಡ್ಡ ನಿಲ್ಲಿಸಿ ತೀರ್ಥಯಾತ್ರೆಯ ಪುಣ್ಯವನ್ನು ಗಳಿಸಲಾಗದು. ಆದ್ದರಿಂದ ನೈಸ್ ರಸ್ತೆಯ ಆಸುಪಾಸಿನಲ್ಲಿ, ಬಂಧುಗಳ ತೋಟದಲ್ಲೋ ಖಾಲಿ ನಿವೇಶನದಲ್ಲೋ ಟ್ರೈಲರಿಗೆ ನೆಲೆ ಸಿಕ್ಕಿದರೆ ಮಾತ್ರ ಮುಂದುವರಿಯಬೇಕು. ಅಲ್ಲಿಂದ ಊರೊಳಗೆ ನುಗ್ಗದೆಯೇ ತುಮಕೂರು ರಸ್ತೆ ಸೇರಬಹುದು.

ಮುಂದೆ ಸಿರಾ, ಹಿರಿಯೂರು, ಚಿತ್ರದುರ್ಗ. ಅಲ್ಲಿಂದ ಬಲಕ್ಕೆ ಹೊಸಪೇಟೆ, ಕುಷ್ಟಗಿ, ಇಳಕಲ್ಲುಗಳ ಹೆದ್ದಾರಿ. ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ಚಿತ್ರದುರ್ಗದಲ್ಲಿ ತಂಗಿದರೆ ಹಿರಿಯರಿಗೆ ಆಯಾಸವಿಲ್ಲ. ಮರುದಿನ ಸಂಜೆಯ ಹೊತ್ತಿಗೆ ಕೃಷ್ಣೆ ಮಲಪ್ರಭೆಯರು ಕೂಡುವ ತಾಣ, ಹಿನ್ನೀರಿನ ನಡುವೆ ಗೋಡೆ ಕಟ್ಟಿ ಕಾಪಾಡಿದ ಬಸವಣ್ಣನವರ ಐಕ್ಯಮಂಟಪ ಕಣ್ಣಿಗೆ ಬೀಳುತ್ತವೆ. ಮಂಟಪಕ್ಕೆ ಮೆಟ್ಟಿಲಿಳಿದು ಹೋಗಬೇಕು. ಆ ಮೆಟ್ಟಿಲುಗಳಿಗಾಗಿ ತಂದೆತಾಯಿಯರ ಮಂಡಿಯ ಶಕ್ತಿಯನ್ನು ಉಳಿಸುವುದೇ ಈ ಎಲ್ಲ ಸಿದ್ಧತೆಯ ಉದ್ದೇಶ.

ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಹೊರಡುವ ಮನೆಯವರು ಇಷ್ಟೆಲ್ಲ ಹಣವನ್ನು ಗಾಲಿಗಳ ಮೇಲೆ ನಿಲ್ಲಿಸಬೇಕಾಗಿಲ್ಲ. ಮಲಗುವ, ಅಡುಗೆ ಮಾಡುವ ಅನುಕೂಲವುಳ್ಳ ಕ್ಯಾರವಾನುಗಳು ಚಾಲಕರ ಸಹಿತ ಬಾಡಿಗೆಗೆ ದೊರೆಯುತ್ತವೆ. ಮೇಲಿಂದ ಮೇಲೆ ಸಂಚರಿಸುವವರು, ನಿಲ್ಲಿಸಲು ಸ್ವಂತ ಜಾಗವುಳ್ಳವರು ಮಾತ್ರ ಪಿಕಪ್ ಮತ್ತು ಟ್ರೈಲರಿನ ವಿಚಾರ ಮಾಡಲಿ. ಯಾವುದನ್ನು ಆರಿಸಿದರೂ ಸರಿ, ಯಾತ್ರೆಯನ್ನು ಮಾತ್ರ ಮುಂದಿನ ವರ್ಷಕ್ಕೆ ತಳ್ಳುವುದು ಬೇಡ. ಗಾಡಿಗಳು ಕಾಯುತ್ತವೆ, ಹಿರಿಯರ ವಯಸ್ಸು ಕಾಯುವುದಿಲ್ಲ.