ಪರಂಗಿಮಲೆಯ ಮೆಟ್ಟಿಲುಗಳು

ಕ್ರೋಂಪೇಟೆ ಎಂಬ ಹೆಸರನ್ನು ಕೇಳಿದರೆ ನಮ್ಮೂರಿನ ಜನ ಒಮ್ಮೆ ನಗದೆ ಇರುವುದಿಲ್ಲ. ಅಕ್ಕಿಪೇಟೆ ಗೊತ್ತು, ಬಳೇಪೇಟೆ ಗೊತ್ತು. ಇದೆಂಥ ಕ್ರೋಂಪೇಟೆ ಎಂದು ಕೇಳುತ್ತಾರೆ. ತೊಗಲನ್ನು ಮರದ ತೊಗಟೆಯಿಂದ ಹದಮಾಡುವುದು ಹಳೆಯ ಕ್ರಮ. ಕ್ರೋಮಿಯಂ ಲವಣದಿಂದ ಬೇಗನೆ ಹದಮಾಡುವ ಹೊಸ ಕ್ರಮವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿಗೆ ಬಂದಿತು. ಅದನ್ನು ಇಲ್ಲಿ ಪ್ರಯೋಗಮಾಡಿ ತೋರಿಸಿದವರು ಆಲ್‌ಫ್ರೆಡ್ ಚಾಟರ್‌ಟನ್. ಮುಂದೆ ಅವರೇ ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಚೇಂಬರ್ಸ್ ಎಂಬುವರು ಸ್ಥಾಪಿಸಿದ ಕ್ರೋಂ ಲೆದರ್ ಕಂಪೆನಿ ನಮ್ಮ ಈ ಭಾಗದಲ್ಲಿತ್ತು. ಕಂಪೆನಿ ಹೋಯಿತು, ಹೆಸರು ಉಳಿಯಿತು. ತೊಗಲಿನ ಹೆಸರಿನ ಊರಿನಲ್ಲಿ ಸೌಂದರ್ಯವನ್ನು ಹುಡುಕುವುದು ಹೇಗೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಒಂದೇ: ಡಿಸೆಂಬರಿನಲ್ಲಿ ಬನ್ನಿ.

ಹಿಂಗಾರು ಮಳೆ ಹಿಂದೆಗೆಯುವ ಹೊತ್ತಿಗೆ ನಮ್ಮ ಬೀದಿಗೆ ಎರಡು ಹಬ್ಬಗಳು ಒಟ್ಟಿಗೆ ಬರುತ್ತವೆ. ತಮಿಳರು ಮಾರ್ಗಳಿ ಎಂದು ಕರೆಯುವ ನಮ್ಮ ಧನುರ್ಮಾಸ ಡಿಸೆಂಬರ್ 16ರ ಸುಮಾರಿಗೆ ಹುಟ್ಟುತ್ತದೆ. ಬೆಳಗಿನ ಜಾವ ದೇವಸ್ಥಾನದ ಧ್ವನಿವರ್ಧಕದಿಂದ ಆಂಡಾಳಿನ ತಿರುಪ್ಪಾವೈ ಕೇಳಿಸುತ್ತದೆ. ಪ್ರತಿ ಮನೆಯ ಮುಂದೆಯೂ ಚಾಪೆಯಗಲದ ಕೋಲ, ಅದರ ಸುತ್ತ ಕೆಮ್ಮಣ್ಣಿನ ಅಂಚು, ನಡುವೆ ಸಗಣಿಯ ಉಂಡೆಗೆ ಸಿಕ್ಕಿಸಿದ ಕುಂಬಳದ ಹೂ. ರಾತ್ರಿಯಾಯಿತೆಂದರೆ ಕ್ರೈಸ್ತರ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ಹೊತ್ತಿಕೊಳ್ಳುತ್ತವೆ. ಹುಡುಗರು ಗಿಟಾರು ಹಿಡಿದು ಮನೆಮನೆಗೆ ಬಂದು ಕ್ರಿಸ್ತನ ಹುಟ್ಟಿನ ಹಾಡು ಹೇಳುತ್ತಾರೆ. ಇವರ ಹಾಡು ಮುಗಿದು ಅವರ ಹಾಡು ಮೊದಲಾಗುವುದರ ನಡುವೆ, ಬೆಳಗಾಗುತ್ತಲೇ ರೈಲು ಹಿಡಿದು ಆಫೀಸಿಗೆ ಓಡಬೇಕಾದ ನನ್ನಂಥ ಗುಮಾಸ್ತನಿಗೆ ದೊರೆಯುವ ನಿದ್ರೆ ಬಹಳ ಸ್ವಲ್ಪ. ಆದರೂ ಈ ತಿಂಗಳ ಮೇಲೆ ನನಗೆ ದೂರಿಲ್ಲ.

ಕಳೆದ ಡಿಸೆಂಬರಿನಲ್ಲಿ ಮಾತ್ರ ನಮ್ಮ ಮನೆಯ ಹೊಸಿಲು ಬರಿದಾಗಿತ್ತು. ಭಾದ್ರಪದದಲ್ಲಿ ನಮ್ಮ ತಂದೆಯವರು ತೀರಿಕೊಂಡರು. ವರ್ಷ ತುಂಬುವ ತನಕ ಹಬ್ಬವಿಲ್ಲ, ಬಾಗಿಲಿಗೆ ತೋರಣವಿಲ್ಲ, ರಂಗೋಲಿಯಿಲ್ಲ. ಅಮ್ಮ ಪಾಂಡವಪುರದ ಕಡೆಯವರು. ಮೇಲುಕೋಟೆಯ ಬೆಟ್ಟವನ್ನು ನೋಡುತ್ತ ಬೆಳೆದವರು. ಚುಕ್ಕಿ ಇಡುವುದರಲ್ಲಿ ಅವರ ಕೈಯನ್ನು ಮೀರಿಸಿದವರು ನಮ್ಮ ಬೀದಿಯ ತಮಿಳರಲ್ಲಿಯೂ ಇರಲಿಲ್ಲ. ಈಗ ಅವರು ನಸುಕಿನಲ್ಲೆದ್ದು ಬಾಗಿಲಿಗೆ ನೀರು ಹಾಕಿ ಗುಡಿಸುವರು, ಒದ್ದೆ ನೆಲವನ್ನು ಒಂದು ಗಳಿಗೆ ನೋಡುವರು, ಒಳಗೆ ಬಂದುಬಿಡುವರು. "ಇನ್ನು ಮೇಲೆ ಇದೆಲ್ಲ ನನಗ್ಯಾಕೆ?" ಎಂದು ರಂಗೋಲಿಯ ಮರದ ಡಬ್ಬಿಯನ್ನು ಅಟ್ಟಕ್ಕೆ ಹಾಕಿಸಿದ್ದರು. ಎಂಟು ವರ್ಷದ ನನ್ನ ಮಗಳು ಮೆಟ್ಟಿಲ ಮೇಲೆ ಕುಳಿತು ಅಕ್ಕಪಕ್ಕದ ಮನೆಗಳ ಕೋಲಗಳನ್ನು ಎಣಿಸುತ್ತಿದ್ದಳು. ನನ್ನ ಸ್ಥಿತಿಯೂ ಅಷ್ಟೇ. ಈ ಪತ್ರಿಕೆಯ ಸಂಪಾದಕರು ಎರಡು ಸಲ ಲೇಖನ ಕೇಳಿದ್ದರು. ಕಾಗದದ ಮುಂದೆ ಕುಳಿತರೆ ಆಫೀಸಿನ ಟಿಪ್ಪಣಿಯ ಭಾಷೆಯಲ್ಲದೆ ಬೇರೇನೂ ಬರುತ್ತಿರಲಿಲ್ಲ.

ನಮ್ಮ ಎದುರು ಮನೆಯಲ್ಲಿ ಒಬ್ಬ ನಿವೃತ್ತ ಉಪಾಧ್ಯಾಯಿನಿ ಇದ್ದಾರೆ. ಬೀದಿಗೆಲ್ಲ ಅವರು ಟೀಚರಮ್ಮ. ಅವರಿಗೆ ಕನ್ನಡ ಬಾರದು, ಅಮ್ಮನಿಗೆ ತಮಿಳು ಅರೆಬರೆ. ಆದರೂ ಹನ್ನೆರಡು ವರ್ಷಗಳಿಂದ ಅವರವರ ಭಾಷೆಯಲ್ಲಿಯೇ ಇಬ್ಬರೂ ಧಾರಾಳವಾಗಿ ಮಾತನಾಡಿಕೊಂಡು ಬಂದಿದ್ದಾರೆ. ಡಿಸೆಂಬರ್ 17ರ ಸಂಜೆ ಅವರು ಬಂದು, "ತಂಬೀ, ನಾಳೆ ಬೆಟ್ಟದ ಮಾತೆಯ ಹಬ್ಬ. ವರ್ಷಾವರ್ಷ ನಾನೊಬ್ಬಳೇ ಹೋಗುತ್ತಿದ್ದೆ. ಈ ಸಲ ಮಂಡಿ ಮಾತು ಕೇಳುವುದಿಲ್ಲ. ಜೊತೆಗೆ ಬರುವೆಯಾ?" ಎಂದರು. ನಾನು ಒಪ್ಪಿಕೊಳ್ಳುವುದರೊಳಗೆ ಒಳಗಿನಿಂದ ಅಮ್ಮನ ದನಿ ಬಂತು: "ನಾನೂ ಬರ್ತೀನಿ ಕಣೋ. ಇಷ್ಟು ವರ್ಷ ರೈಲಿನಿಂದಲೇ ನೋಡಿದ್ದಾಯ್ತು." ಮರುಗಳಿಗೆಯಲ್ಲಿಯೇ ಅವರಿಗೆ ಶಾಸ್ತ್ರ ನೆನಪಾಯಿತು. "ವರ್ಷದೊಳಗೆ ಬೆಟ್ಟ ಹತ್ತಬಾರದು ಅಂತಾರೆ. ಅದು ನಮ್ಮ ದೇವರ ಬೆಟ್ಟಕ್ಕೆ ಹೇಳಿದ್ದೋ, ಎಲ್ಲಾ ಬೆಟ್ಟಕ್ಕೂ ಹೇಳಿದ್ದೋ?" ಎಂದರು. ನನಗೆ ತಿಳಿಯದು ಎಂದೆ. "ಹಾಗಾದ್ರೆ ನಾನು ಕೆಳಗೇ ಕೂತಿರ್ತೀನಿ" ಎಂದು ಅವರೇ ತೀರ್ಪು ಕೊಟ್ಟುಕೊಂಡರು.

ಕ್ರೋಂಪೇಟೆಯಿಂದ ಹೊರಟರೆ ಪಲ್ಲಾವರಂ, ತಿರುಶೂಲಂ, ಮೀನಂಬಾಕ್ಕಂ, ಪಳವಂತಾಂಗಲ್. ಐದನೆಯದೇ ಸೇಂಟ್ ಥಾಮಸ್ ಮೌಂಟ್. ತಮಿಳಿನಲ್ಲಿ ಇದು ಪರಂಗಿಮಲೈ, ಅಂದರೆ ಫರಂಗಿಯರ ಬೆಟ್ಟ. ಕ್ರಿಸ್ತನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನಾದ ತೋಮನು ಸಮುದ್ರಮಾರ್ಗವಾಗಿ ನಮ್ಮ ದೇಶಕ್ಕೆ ಬಂದು, ಕ್ರಿಸ್ತಶಕ 72ರಲ್ಲಿ ಈ ಬೆಟ್ಟದ ಮೇಲೆ ಪ್ರಾಣಬಿಟ್ಟನೆಂದು ಸಂಪ್ರದಾಯ ಹೇಳುತ್ತದೆ. ಪೋರ್ಚುಗೀಸರು 1523ರಲ್ಲಿ ಮೇಲೆ ಚರ್ಚು ಕಟ್ಟಿದರು. ಹತ್ತುವ ಕಲ್ಲಿನ ಮೆಟ್ಟಿಲುಗಳನ್ನು ಮಾಡಿಸಿದವನು ಪೆಟ್ರಸ್ ಉಸ್ಕಾನ್ ಎಂಬ ಅರ್ಮೇನಿಯದ ವರ್ತಕ. ಸೈದಾಪೇಟೆಯ ಬಳಿ ಅಡಯಾರು ಹೊಳೆಗೆ 1726ರಲ್ಲಿ ಸೇತುವೆ ಕಟ್ಟಿಸಿದವನೂ ಅವನೇ. ಎಲ್ಲಿಯೋ ಹುಟ್ಟಿ ಮದರಾಸಿಗೆ ಹೊಟ್ಟೆಪಾಡಿಗೆ ಬಂದವನು ಇನ್ನೊಬ್ಬರ ಕಾಲಿಗೆ ಅನುಕೂಲ ಮಾಡಿ ಹೋದ. ಪರಸ್ಥಳದಲ್ಲಿ ಬದುಕುತ್ತಿರುವ ನಾವು ಈ ಮಾತನ್ನು ನೆನೆಯುವುದು ಒಳ್ಳೆಯದು.

ಬೆಟ್ಟ ಮುನ್ನೂರಡಿಯಷ್ಟು ಎತ್ತರ. ವಾಹನಗಳಿಗೆ ಬೇರೆ ರಸ್ತೆಯುಂಟು. ಆದರೆ ಟೀಚರಮ್ಮ ಮೆಟ್ಟಿಲೇ ಆಗಬೇಕೆಂದರು. ಅಮ್ಮ ಕೆಳಗೆ ಕಮಾನಿನ ಪಕ್ಕದಲ್ಲಿ ಸೆರಗು ಹೊದ್ದು ಕುಳಿತರು. ನಾನು ಮಗಳ ಕೈ ಹಿಡಿದು ಮುಂದೆ ಹೊರಟೆ. ಹತ್ತು ಮೆಟ್ಟಿಲು ಹತ್ತಿ ತಿರುಗಿ ನೋಡಿದರೆ, ಟೀಚರಮ್ಮ ಮೂರನೆಯ ಮೆಟ್ಟಿಲಿನಲ್ಲಿ ಮಂಡಿ ಹಿಡಿದು ನಿಂತಿದ್ದಾರೆ. ನಾನು ಇಳಿಯುವುದರೊಳಗಾಗಿ ಅಮ್ಮ ಎದ್ದು ಬಂದು ಅವರ ತೋಳಿಗೆ ತೋಳು ಕೊಟ್ಟಿದ್ದರು. "ಬನ್ನಿ, ನಿಧಾನವಾಗಿ ಹೋಗೋಣ" ಎಂದು ಕನ್ನಡದಲ್ಲಿ ಹೇಳಿದರು. ಶಾಸ್ತ್ರದ ಮಾತು ಯಾರೂ ಎತ್ತಲಿಲ್ಲ. ಕ್ರಿಸ್ತನು ಶಿಲುಬೆ ಹೊತ್ತು ನಡೆದ ಹದಿನಾಲ್ಕು ನಿಲುಗಡೆಗಳ ಪ್ರತಿಮೆಗಳು ದಾರಿಯುದ್ದಕ್ಕೂ ಇವೆ. ಇಬ್ಬರೂ ಒಂದೊಂದರಲ್ಲಿಯೂ ನಿಂತರು. ಒಬ್ಬರು ಪ್ರಾರ್ಥನೆಗೆ, ಇನ್ನೊಬ್ಬರು ಉಸಿರಿಗೆ.

ಮೇಲಿನ ಚರ್ಚು ಚಿಕ್ಕದು, ಬಿಳಿಯದು. ಪೂಜಾವೇದಿಕೆಯ ಹಿಂದಿನ ಗೋಡೆಯಲ್ಲಿ ಒಂದು ಕಲ್ಲಿನ ಶಿಲುಬೆಯಿದೆ. 1547ರಲ್ಲಿ ಅಡಿಪಾಯ ತೋಡುವಾಗ ಸಿಕ್ಕಿದ ಇದರ ಸುತ್ತ ಪರ್ಷಿಯದ ಹಳೆಯ ಪಹ್ಲವಿ ಭಾಷೆಯ ಬರಹವಿದೆ. ಶಿಲುಬೆಯ ಮೇಲೆ ಕೆಳಮುಖವಾಗಿ ಹಾರಿಬರುವ ಪಾರಿವಾಳ; ಬುಡದಲ್ಲಿ ಅರಳಿದ ತಾವರೆಯಂಥ ಎಸಳುಗಳು. 1558ರ ಡಿಸೆಂಬರ್ 18ರಂದು ಪೂಜೆಯ ಸಮಯದಲ್ಲಿ ಈ ಕಲ್ಲು ರಕ್ತ ಬೆವರಿತೆಂದು ಭಕ್ತರು ನಂಬುತ್ತಾರೆ. ಅಂದಿನ ಹಬ್ಬದ ದಿನವೂ ಅದೇ. ಮಗಳು ಶಿಲುಬೆಗಿಂತ ಅದರ ಬುಡದ ಎಸಳುಗಳನ್ನೇ ನೋಡುತ್ತಿದ್ದಳು. "ಅಜ್ಜಿ, ನೀನು ಹಾಕ್ತಿದ್ದ ತಾವರೆ ಥರಾನೇ ಇದೆ ಅಲ್ವಾ?" ಎಂದು ಪಿಸುಗುಟ್ಟಿದಳು. ಅಮ್ಮ ಉತ್ತರ ಕೊಡಲಿಲ್ಲ. ಕನ್ನಡಕವನ್ನು ಒರೆಸಿಕೊಂಡು ಇನ್ನೊಂದು ಸಲ ನೋಡಿದರು.

ಈ ಚರ್ಚಿನ ತಾಯಿಯ ಹೆಸರೇನೆಂದು ಹೊರಗೆ ಬಂದ ಮೇಲೆ ಟೀಚರಮ್ಮನನ್ನು ಕೇಳಿದೆ. "ನಿರೀಕ್ಷೆಯ ಮಾತೆ. ಮಗು ಹುಟ್ಟುವುದಕ್ಕೆ ಇನ್ನು ಒಂದು ವಾರವಿದೆಯಲ್ಲ, ಎದುರುನೋಡುತ್ತಿದ್ದಾಳೆ. ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರವೂ ನಮಗೆ ಎದುರುನೋಡುವ ಕಾಲವೇ" ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮನ ಮುಖ ಅರಳಿತು. "ಹಾಗನ್ನು! ದಿನ ತುಂಬಿದ ಬಸುರಿ. ಪಾಪ, ಈ ಬೆಟ್ಟದ ಮೇಲೆ ಕೂರಿಸಿದ್ದಾರೆ" ಎಂದರು. ತಂದೆಯವರು ಹೋದ ಮೇಲೆ ಅಮ್ಮ ನಕ್ಕದ್ದನ್ನು ನಾನು ಅಂದೇ ನೋಡಿದ್ದು.

ಕಟ್ಟೆಯ ಮೇಲೆ ಕುಳಿತೆವು. ಒಂದು ಕಡೆ ವಿಮಾನ ನಿಲ್ದಾಣ. ಆಟದ ಸಾಮಾನಿನಂತೆ ವಿಮಾನಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಅದರಾಚೆ ನಮ್ಮ ಕ್ರೋಂಪೇಟೆ. ಪಕ್ಕದಲ್ಲಿ ಲ್ಯಾಂಬ್‌ಟನ್ನನ ಪ್ರತಿಮೆಯಿದೆ. 1802ರಲ್ಲಿ ಈ ಬೆಟ್ಟದ ಬುಡದಿಂದಲೇ ಅವನು ಭೂಮಾಪನಕ್ಕೆ ಮೊದಲ ಸರಪಣಿ ಎಳೆಸಿದ್ದು. ಆ ಅಳತೆ ತ್ರಿಕೋನ ತ್ರಿಕೋನವಾಗಿ ಬೆಂಗಳೂರನ್ನು ದಾಟಿ ಮಂಗಳೂರಿನ ಕಡಲನ್ನು ಮುಟ್ಟಿತು. ಮಂಗಳೂರೆಂದಾಗ ನನಗೆ ಇಬ್ಬರು ನೆನಪಾದರು. ಒಬ್ಬರು ಕಿಟ್ಟೆಲ್. 1894ರಲ್ಲಿ ನಮಗೆ ನಿಘಂಟನ್ನು ಕೊಟ್ಟ ಈ ಜರ್ಮನ್ ಪಾದ್ರಿ, ಅದಕ್ಕೂ ಮುನ್ನ 1862ರಲ್ಲಿ 'ಕಥಾಮಾಲೆ'ಯೆಂದು ಕ್ರಿಸ್ತನ ಕಥೆಯನ್ನು ನಮ್ಮ ದೇಶದ ಛಂದಸ್ಸಿನಲ್ಲಿಯೇ ಬರೆದರು. ಇನ್ನೊಬ್ಬರು ಮಂಜೇಶ್ವರದ ಗೋವಿಂದ ಪೈಗಳು. ಮದರಾಸು ಸರ್ಕಾರ 1949ರಲ್ಲಿ ರಾಷ್ಟ್ರಕವಿಯೆಂದು ಗೌರವಿಸಿದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು 'ಗೊಲ್ಗೊಥಾ'ದಲ್ಲಿಯೂ ಬುದ್ಧನ ಕೊನೆಯ ದಿನವನ್ನು 'ವೈಶಾಖಿ'ಯಲ್ಲಿಯೂ ಕಂಡರು. ಪಾದ್ರಿಗೆ ನಮ್ಮ ಛಂದಸ್ಸು ಪರಕೀಯವಾಗಲಿಲ್ಲ; ಪೈಗಳಿಗೆ ಶಿಲುಬೆ ಪರಕೀಯವಾಗಲಿಲ್ಲ. ತಮ್ಮದನ್ನು ಬಿಡದೆ ಇನ್ನೊಬ್ಬರ ಮನೆಯ ಬಾಗಿಲಲ್ಲಿ ಮನಸ್ಸಿಟ್ಟು ನಿಂತವರಿಗೆ ಕಾವ್ಯ ಒಲಿಯಿತು.

ಅಲ್ಲಿಯೇ ನನಗೆ ಇನ್ನೊಂದು ವಿಷಯವೂ ಹೊಳೆಯಿತು. ಆಂಡಾಳ್ ಕೂಡ ಎದುರುನೋಡುವವಳೇ. ತಿರುಪ್ಪಾವೈಯ ಮೂವತ್ತು ಪದ್ಯಗಳಲ್ಲಿಯೂ ಒಬ್ಬ ಹುಡುಗಿ ಗೆಳತಿಯರನ್ನು ಎಬ್ಬಿಸಿಕೊಂಡು ಹೋಗಿ ಕೃಷ್ಣ ಏಳುವುದನ್ನು ಕಾಯುತ್ತಾಳೆ. ತಿರುಮಲೆಯಲ್ಲಿ ಈ ಒಂದು ತಿಂಗಳು ಸುಪ್ರಭಾತದ ಬದಲಿಗೆ ಇದನ್ನೇ ಹೇಳುತ್ತಾರೆ. ಹೀಗೆ ನಮ್ಮ ಬೀದಿಯಲ್ಲಿ ರಾತ್ರಿ ಹಾಡುವವರೂ ಬೆಳಗ್ಗೆ ಹಾಡುವವರೂ ಮಾಡುತ್ತಿರುವುದು ಒಂದೇ ಕೆಲಸ: ಬಾಗಿಲನ್ನು ಗುಡಿಸಿಟ್ಟು ಕಾಯುವುದು. ಹಾಗೆ ನೋಡಿದರೆ ರಂಗೋಲಿಯಿಲ್ಲದಿದ್ದರೂ ದಿನವೂ ನೀರು ಹಾಕಿ ಗುಡಿಸುವ ಅಮ್ಮನ ಹೊಸಿಲು ಹಬ್ಬದಿಂದ ಹೊರಗಾಗಿಲ್ಲ. ನಾನು ಮಾತ್ರ ಗುಡಿಸುವುದನ್ನೂ ಬಿಟ್ಟುಬಿಟ್ಟಿದ್ದೆ. ಲೇಖನ ಬರುವುದಿಲ್ಲವೆಂದು ಕಾಗದದ ಮುಂದೆ ಕುಳಿತುಕೊಳ್ಳುವುದನ್ನೇ ನಿಲ್ಲಿಸಿದ್ದೆ.

ಬೆಟ್ಟದಿಂದ ಬಂದ ಮೇಲೆ ಪವಾಡವೇನೂ ನಡೆಯಲಿಲ್ಲ. ಮರುದಿನವೂ ನಮ್ಮ ಬಾಗಿಲು ಬರಿದಾಗಿಯೇ ಇತ್ತು. ಆದರೆ ಸಂಜೆ ನಾನು ಆಫೀಸಿನಿಂದ ಬಂದಾಗ ಅಮ್ಮ ಮಗಳ ಚೌಕುಳಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಚುಕ್ಕಿ ಇಡುತ್ತಿದ್ದರು. ನಾನು ನೋಡಿದ್ದನ್ನು ಕಂಡು, "ಮಗು ಕೇಳ್ತು" ಎಂದು ಪುಸ್ತಕವನ್ನು ಮುಚ್ಚಿದರು.

ಡಿಸೆಂಬರ್ 24ರ ಸಂಜೆ ಅಟ್ಟದಿಂದ ಮರದ ಡಬ್ಬಿ ಇಳಿಯಿತು. ನಮ್ಮ ಬಾಗಿಲಿಗಲ್ಲ, ಟೀಚರಮ್ಮನ ಬಾಗಿಲಿಗೆ. ಮಂಡಿಯ ನೋವಿನಿಂದ ಅವರು ಈ ವರ್ಷ ಬಗ್ಗಿ ಕೋಲ ಹಾಕುವಂತಿರಲಿಲ್ಲ. ಅವರ ಮನೆಗೆ ವರ್ಷದ ನಿಯಮವಿಲ್ಲ. ಹಾಕುವ ಕೈ ಮಗಳದು. ಅಮ್ಮ ನಮ್ಮ ಮೆಟ್ಟಿಲ ಮೇಲೆ ಕುಳಿತು ಹೇಳಿಕೊಡುವುದು ಮಾತ್ರ. ಹೀಗೆ ಶಾಸ್ತ್ರವೂ ಉಳಿಯಿತು, ಕೆಲಸವೂ ಆಯಿತು. "ನಡುವೆ ಹದಿನೈದು ಚುಕ್ಕಿ. ಆಮೇಲೆ ಎರಡೂ ಕಡೆ ಸಂದಿಯಲ್ಲಿ ಹದಿನಾಲ್ಕು, ಹದಿಮೂರು... ಎಂಟಕ್ಕೆ ನಿಲ್ಲಿಸು. ಎಳೆ ಗಟ್ಟಿಯಾಗಿ ಬಿಡಬೇಡ, ಹಿಟ್ಟು ತಾನಾಗಿ ಬೀಳಲಿ" ಎಂದು ಬೀದಿಯ ಈ ಕಡೆಯಿಂದ ಆ ಕಡೆಗೆ ಕೂಗಿ ಹೇಳುತ್ತಿದ್ದರು. ಎರಡು ಎಸಳು ಸೊಟ್ಟಗಾದವು. ಅಳಿಸಲು ಹೊರಟವಳಿಗೆ ಟೀಚರಮ್ಮ ಬಿಡಲಿಲ್ಲ. ಕತ್ತಲಾದ ಮೇಲೆ ನಕ್ಷತ್ರಕ್ಕೆ ದೀಪ ಹಾಕಿದಾಗ ಆರೆಸಳಿನ ಬಿಳಿಯ ತಾವರೆ ನೆಲದಿಂದ ಎದ್ದು ಬಂದಂತೆ ಕಂಡಿತು. ಹಾಡುವ ಹುಡುಗರು ಅದನ್ನು ತುಳಿಯದಂತೆ ಪಕ್ಕದಲ್ಲಿ ನಿಂತು ಹಾಡಿದರು. ಅಮ್ಮ ಎದ್ದು ಬೀದಿ ದಾಟಿ ಹೋಗಿ, ಬಗ್ಗಿ, ಕೊನೆಯ ಎಸಳಿನಲ್ಲಿ ತಪ್ಪಿಹೋಗಿದ್ದ ಒಂದೇ ಒಂದು ಚುಕ್ಕಿಯನ್ನು ತಮ್ಮ ಕೈಯಿಂದ ಇಟ್ಟರು. ನಾನು ಬೇರೆ ಕಡೆ ನೋಡಿದೆ.

ಮರುದಿನ ಟೀಚರಮ್ಮನ ಮನೆಯಿಂದ ಕೇಕು, ಮುರುಕು, ಕಜ್ಜಾಯಗಳ ತಟ್ಟೆ ಬಂತು. ಹಬ್ಬವಿಲ್ಲದ ಮನೆಗೆ ನೆರೆಯವರು ಸಿಹಿ ಕೊಡಬೇಕೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ಯುಗಾದಿ ಸಂಚಿಕೆಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಯುಗಾದಿಯೂ ಇಲ್ಲ. ಬಾಗಿಲು ಭಾದ್ರಪದದ ತನಕ ಹಾಗೆಯೇ ಇರುತ್ತದೆ. ಆದರೆ ಮರದ ಡಬ್ಬಿ ಮತ್ತೆ ಅಟ್ಟಕ್ಕೆ ಹೋಗಲಿಲ್ಲ. ದೇವರ ಗೂಡಿನ ಕೆಳಗಿದೆ. ಚೌಕುಳಿ ಪುಸ್ತಕ ಮುಗಿದು ಎರಡನೆಯದು ಬಂದಿದೆ. ಮದರಾಸಿಗೆ ಬರುವ ಕನ್ನಡಿಗರು ಕಡಲತೀರವನ್ನೂ ಕಪಾಲೀಶ್ವರನನ್ನೂ ನೋಡಿ ಹೋಗುತ್ತಾರೆ, ನೋಡಬೇಕಾದದ್ದೇ. ಡಿಸೆಂಬರಿನಲ್ಲಿ ಬಂದರೆ ತಾಂಬರಂ ಕಡೆಯ ರೈಲು ಹತ್ತಿ ಪರಂಗಿಮಲೆಯಲ್ಲಿ ಇಳಿಯಿರಿ. ಮೆಟ್ಟಿಲನ್ನು ನಿಧಾನವಾಗಿ ಹತ್ತಿ. ಹಿಂದಕ್ಕೆ ಹೋಗುವ ಮೊದಲು ಕ್ರೋಂಪೇಟೆಯ ನಮ್ಮ ಮನೆಗೂ ಬನ್ನಿ. ಬರುವ ಡಿಸೆಂಬರಿನಲ್ಲಿ ನಮ್ಮ ಬಾಗಿಲಲ್ಲಿಯೂ ಚುಕ್ಕಿ ಇರುತ್ತದೆ.